ಮೌನ, ದರ್ಜೆ ಎರಡು

ಸಾರ್ವಜನಿಕರಿಗೆ ರಸ್ತೆ ನಿಯಮ ಕಲಿಸುವ ಸಲುವಾಗಿ, ಅಂಗೈಯಗಲದ ಹಳೇ ವಿಡಿಯೋ ಗೇಮ್ ಯಂತ್ರಕ್ಕೆಂದು ಆಟವೊಂದನ್ನು ಸಿದ್ಧಪಡಿಸಲು ಸಾರಿಗೆ ಇಲಾಖೆಯು ತೀರ್ಮಾನಿಸಿತು. ಅದರ ಸಂಗೀತಕ್ಕೆ ವಾದ್ಯಗಳ ದನಿ ರೂಪಿಸುವ ಕೆಲಸ, ಓಣಿಯವರೆಲ್ಲ ಪೀಪಿ ಅಕ್ಕ ಎಂದು ಕರೆಯುವ ಹೆಂಗಸಿನ ಪಾಲಿಗೆ ಬಂತು.

ಆ ಯಂತ್ರಕ್ಕಿರುವುದು ನಾಲ್ಕೇ ಕಂಠ, ಅಂದರೆ ಸದ್ದು ಹೊರಡಿಸುವ ನಾಲ್ಕೇ ದಾರಿ. ಎರಡರಲ್ಲಿ ರಾಗ, ಒಂದರಲ್ಲಿ ಮಂದ್ರ. ನಾಲ್ಕನೆಯದು ಬರೀ ‘ಸರ್ರ್’ ಎನ್ನುವ ಗದ್ದಲ. ಆ ಗದ್ದಲವನ್ನು ಚೂರುಚೂರಾಗಿ ಕತ್ತರಿಸಿದರೆ ಡ್ರಮ್ಮಿನ ಪೆಟ್ಟಾಗುತ್ತದೆ. ಹದಿನೇಳು ದಿನ ಕೂತು ಅಕ್ಕ ಒಂದೇ ಒಂದು ‘ಟಕ್’ ಮಾಡಿದಳು. ಅದು ಬಿದ್ದೊಡನೆ ಇಡೀ ರಾಗಕ್ಕೆ ಜೀವ ಬರುತ್ತಿತ್ತು. ಅದರ ಮಂಜೂರಾತಿಯ ಅರ್ಜಿಯಲ್ಲಿ ‘ಶಬ್ದದ ಬಗೆ’ ಎಂಬಲ್ಲಿ ಪ್ರಾಮಾಣಿಕವಾಗಿ ‘ಗದ್ದಲ’ ಎಂದು ಬರೆದಳು. ಕಡತ ನೇರವಾಗಿ ಗದ್ದಲ ನಿಯಂತ್ರಣ ಶಾಖೆಗೆ ಹೋಯಿತು.

“ಏನಮ್ಮಾ, ಸರ್ಕಾರಿ ಆಟದಲ್ಲಿ ಗದ್ದಲಾನಾ?” ಎಂದರು ಶಾಖಾಧಿಕಾರಿ.

“ಕತ್ತರಿಸಿದ ಮೇಲೆ ಅದು ಡ್ರಮ್ಮು ಸಾರ್. ಒಂದ್ಸಲ ಕೇಳಿ ನೋಡಿ.”

“ಕತ್ತರಿಸೋಕೆ ಅಪ್ಪಣೆ ಯಾರದು?”

ಆದರೂ ಸದ್ದನ್ನು ಹಾಕಿಸಿ ಕೇಳಿದರು. ಮೇಜಿನಡಿ ಅವರ ಕಾಲು ಕುಣಿಯತೊಡಗಿತು. ಅದನ್ನು ಇನ್ನೊಂದು ಕಾಲಿನಿಂದ ಮೆಟ್ಟಿ ಹಿಡಿದು ಷರಾ ಬರೆದರು: “ಪರಿಶೀಲನೆಯ ವೇಳೆ ಅಧಿಕಾರಿಯ ಬಲಗಾಲು ಅನಧಿಕೃತವಾಗಿ ಚಲಿಸಿದ್ದು ಕಂಡುಬಂದಿರುತ್ತದೆ. ಆದ್ದರಿಂದ ಏಳು ದಿನದೊಳಗೆ ಗದ್ದಲರಹಿತ ಡ್ರಮ್ಮನ್ನು ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕೆಲಸವನ್ನು ಬೇರೆಯವರಿಗೆ ವಹಿಸಲಾಗುವುದು.”

ಅಕ್ಕ ಮನೆಗೆ ಬಂದವಳೇ ಊಟ ಬೇಡವೆಂದು ಕೂತಳು. ಬಟ್ಟೆ ಮಡಚುತ್ತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡು ಅಂದಳು: “ಅವರು ಬೇಡ ಅಂದಿದ್ದು ಸದ್ದನ್ನೋ, ಹೆಸರನ್ನೋ?”

“ಹೆಸರನ್ನೇ ಇರ್ಬೇಕು ಕಣಮ್ಮಾ.”

“ಮತ್ತೆ ಹೊಟ್ಟೆ ಮೇಲೆ ಯಾಕೆ ಸಿಟ್ಟು? ಹೆಸರು ಬದಲಾಯಿಸು, ಎದ್ದು ಉಣ್ಣು.”

ಮರುದಿನ ಅದೇ ‘ಟಕ್’, ‘ಮೌನ, ದರ್ಜೆ ಎರಡು’ ಎಂಬ ಹೆಸರಿನಲ್ಲಿ ಸಲ್ಲಿಕೆಯಾಯಿತು. ಮಧ್ಯಾಹ್ನದೊಳಗೆ ಮಂಜೂರಾಯಿತು.

“ನೋಡಮ್ಮಾ, ಮನಸ್ಸು ಮಾಡಿದ್ರೆ ಆಗತ್ತೆ,” ಎನ್ನುತ್ತ ಅಧಿಕಾರಿ ಎರಡೂ ಕಾಲು ಕುಣಿಸಿಕೊಂಡೇ ಮೊಹರು ಒತ್ತಿದರು.

ವಿಧಿವತ್ತಾಗಿ ಮಂಜೂರಾದ ಮೌನ ಅದೊಂದೇ ಆಗಿದ್ದರಿಂದ, ಮೌನ ಕಾಪಾಡಬೇಕಾದ ಎಲ್ಲ ಸ್ಥಳಗಳಲ್ಲೂ ಅದನ್ನೇ ಬಳಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಗ್ರಂಥಾಲಯಕ್ಕೆ ಮೇಜಿಗೊಂದರಂತೆ ಯಂತ್ರಗಳು ಬಂದವು. ತೆರೆದ ಗಳಿಗೆಯಿಂದ ಮುಚ್ಚುವ ತನಕ ಟಕ್, ಟಕ್ಕಟಕ್.

ಒಂದು ದಿನ ಅಕ್ಕ ಅಲ್ಲಿಗೆ ಹೋಗಿ, ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದಳು. ಮೇಲ್ವಿಚಾರಕಿ ತುಟಿಗೆ ಬೆರಳಿಟ್ಟುಕೊಂಡು ಓಡಿ ಬಂದರು.

“ಶ್! ಹಾಳೆ ಸದ್ದು ಮಾಡ್ಬೇಡಿ. ಮೌನ ಕೇಳಿಸ್ತಾನೇ ಇಲ್ಲ.”

ಅಕ್ಕಪಕ್ಕದ ಓದುಗರು ಹೌದೆಂದು ತಲೆಯಾಡಿಸಿದರು. ಅಕ್ಕ “ತಪ್ಪಾಯ್ತು” ಎಂದು ಪುಸ್ತಕ ಮುಚ್ಚಿಟ್ಟಳು.