ಹಣ್ಣಿನ ನೊಣದ ಕಣ್ಣು ಮತ್ತು ನಾವು ಅಥಣಿಯವರು

ಎಲ್ಲರೂ ನೊಣ ಓಡಿಸುವ ಊರಲ್ಲಿ ನೊಣ ಸಾಕುವವಳು ಒಬ್ಬಳಿದ್ದರೆ ನಗುವಿಗೆ ಬರವಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಅಥಣಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ; ಊರವರ ಬಾಯಲ್ಲಿ ನಾನು ‘ಬಾಯಾರು’, ಅಂದರೆ ಮೇಡಂ. ಹಣ್ಣಿನ ನೊಣದ ಕಣ್ಣು ಹೇಗೆ ರೂಪುಗೊಳ್ಳುತ್ತದೆ ಎಂಬುದೇ ನನ್ನ ಹುಚ್ಚು. ಈಗಲೂ ಕೊಳೆತ ದ್ರಾಕ್ಷಿಯ ವಾಸನೆ ಬಂದರೆ ಆ ದಿನಗಳು ಎದುರಿಗೆ ಬಂದು ಕೂಡುತ್ತವೆ.

೧. ಬಸ್ಸಿನಲ್ಲಿ

ಬಿಳಿಗಣ್ಣಿನ ನೊಣಗಳನ್ನು ಧಾರವಾಡದಿಂದ ಹಾಲಿನ ಬಾಟಲಿಯಲ್ಲಿ ತರುತ್ತಿದ್ದೆ. ಕಂಡಕ್ಟರ್ ಏನದು ಎಂದು ಕೇಳಿದ. ನೊಣ ಅಂದೆ. ಕಾಗವಾಡದ ದ್ರಾಕ್ಷಿ ತೋಟದಲ್ಲಿ ಬೇಕಾದಷ್ಟಿವೆ, ಅಷ್ಟು ದೂರದಿಂದ ಯಾಕೆ ಹೊತ್ತು ತರುತ್ತೀರಿ ಅಂದ. ಇವುಗಳ ಕಣ್ಣು ಬೆಳ್ಳಗಿವೆ ನೋಡು ಎಂದು ಬಾಟಲಿ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದವನ ಮುಖ ಸಣ್ಣದಾಯಿತು.

"ಕಣ್ಣಾಗ ಪೊರಿ ಬಂದೈತ್ರಿ ಬಾಯಾರ. ಮಿರಜ ದವಾಖಾನಿಗೆ ಒಯ್ದು ತೋರಸೂದು ಬಿಟ್ಟು ಇಲ್ಲಿಗ್ಯಾಕ ತಂದ್ರಿ?"

೨. ಸಜ್ಜಕ

ನೊಣಗಳ ಊಟಕ್ಕೆ ರವೆ, ಬೆಲ್ಲ ಹಾಕಿ ಕುದಿಸುತ್ತಿದ್ದೆ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ವಾಸನೆ ಹಿಡಿದು ಬಂದು, ಸಜ್ಜಕ ಮಾಡಿದ್ದೀಯಲ್ಲ, ಬೀಗರು ಬರುವವರಿದ್ದಾರೇನು ಎಂದರು. ನೊಣಕ್ಕೆ ಅಂದೆ. ಅಜ್ಜಿ ಒಳಗೆ ಹೋಗಿ ಸೊಸೆಗೆ ಹೇಳಿದ್ದು ಕೇಳಿಸಿತು.

"ಬಾಯಾರ ಮನ್ಯಾಗ ನೊಣ ಆಗಿ ಹುಟ್ಟಿದ್ರೂ ಸಜ್ಜಕ ಸಿಗತೈತಿ. ನಾ ನಿನಗ ಅತ್ತಿ ಆಗಿ ಒಣ ರೊಟ್ಟಿ ತಿನ್ನಾಕತ್ತೀನಿ."

೩. ಕರೆದದ್ದು, ಕೇಳಿದ್ದು

ಒಮ್ಮೆ ನೊಣಗಳು ತಪ್ಪಿಸಿಕೊಂಡು ಪ್ರಿನ್ಸಿಪಾಲರ ಕೋಣೆ ತುಂಬಿದವು. ಬಾಟಲಿಗಳನ್ನೆಲ್ಲ ಹೊರಗೆ ಸುರಿಯಿರಿ ಎಂದರು. ಒಂದು ಪಾಠ ಕೇಳಿ, ಆಮೇಲೆ ಹೇಳಿ ಎಂದು ಬೇಡಿಕೊಂಡೆ. ಹಿಂದಿನ ಬೆಂಚಿನಲ್ಲಿ ಬಂದು ಕೂತರು. ನಾನು ಚಾಕ್‌ಪೀಸು ತೆಗೆದುಕೊಂಡು ಹಲಗೆಯತ್ತ ತಿರುಗಿದೆ.

ನೊಣದ ಕಣ್ಣೆಂದರೆ ನೂರಾರು ಪುಟ್ಟ ಕಣ್ಣುಗಳ ಗೊಂಚಲು. ಒಂದೊಂದರಲ್ಲೂ ಬೆಳಕು ಹಿಡಿಯುವ ಎಂಟು ಕೋಶ. ಎಂಟನೆಯದೆಂದು ಹೆಸರಿಟ್ಟ ಕೋಶವೇ ಮೊದಲು ರೂಪುಗೊಂಡು, ಪಕ್ಕದ ಕೋಶಕ್ಕೆ ಸಂಕೇತ ಕೊಡುತ್ತದೆ. ಅದು ಕೇಳಿಸಿಕೊಂಡರೆ ಬೆಳಕು ಹಿಡಿಯುವ ಏಳನೆಯ ಕೋಶವಾಗುತ್ತದೆ, ಇಲ್ಲವಾದರೆ ಮಸೂರ ಕಟ್ಟುವ ಕೆಲಸಕ್ಕೆ ಹೋಗುತ್ತದೆ ಎಂದು ಚಿತ್ರ ಬರೆದೆ. ಪ್ರಿನ್ಸಿಪಾಲ ಸಾಹೇಬರಿಗೆ ಅರ್ಥವಾದಂತೆ ಕಾಣಲಿಲ್ಲ. ಆಗ ಐಗಳಿಯ ಹುಡುಗಿಯೊಬ್ಬಳು ಎದ್ದು ಅವರಿಗೆ ತಿಳಿಸಿ ಹೇಳಿದಳು.

"ಎಂಟನೇ ಮನಿಯಾಕಿ ಕರೀಬೇಕ್ರಿ ಸರ, ಬಾಜೂ ಮನಿಯಾಕಿ ಓ ಅನಬೇಕು. ಅಂದ್ರನ ಆಕಿ ಏಳನೇಯಾಕಿ ಆಗೂದು."

ಏಳನೆಯದು ಇಲ್ಲದ ಕಣ್ಣು ಕಂಡರೆ, ಕರೆಯದವಳ ತಪ್ಪೋ ಕೇಳದವಳ ತಪ್ಪೋ ಎಂದು ಹೇಗೆ ತಿಳಿಯುತ್ತದೆ ಎಂದು ಸಾಹೇಬರು ಕೇಳಿದರು. ಬರೀ ಕಣ್ಣು ನೋಡಿದರೆ ತಿಳಿಯುವುದಿಲ್ಲ, ಎರಡೂ ಒಂದೇ ಥರ ಕಾಣುತ್ತವೆ ಎಂದೆ.

ಸಾಹೇಬರು ಬೆಂಚಿನಿಂದ ಎದ್ದರು.

"ನಮ್ಮ ಮನ್ಯಾಗೂ ಹಂಗ ಐತಿ. ಮದುವಿ ಆದಾಗಿಂದ, ನಾ ಚಾ ಕೇಳಲಿಲ್ಲೋ, ಆಕಿಗೆ ಕೇಳಸಲಿಲ್ಲೋ, ಇನ್ನೂ ಇತ್ಯರ್ಥ ಆಗಿಲ್ಲ. ನೊಣ ಇರಲಿ ಬಾಯಾರ. ನಿಮಗ ಗೊತ್ತಾದ ದಿವಸ ನನಗೂ ಹೇಳ್ರಿ."