ಇಪ್ಪತ್ತು ನಿಮಿಷದ ಸಹಿ

ಹಠ ನನ್ನ ಹುಟ್ಟುಗುಣ. ‘ಹಿಡಿದರೆ ಉಡದ ಹಿಡಿತ’ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ಅದು ಹೊಗಳಿಕೆಯಲ್ಲ ಎಂದು ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು. ಅಮೆರಿಕದ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಸಹಾಯಕ ಶಿಕ್ಷಕಿ. ಅಲ್ಲಿ ಅರ್ಧ ದಿನ ಸ್ಪ್ಯಾನಿಷ್, ಅರ್ಧ ದಿನ ಇಂಗ್ಲಿಷ್. ಮೈಸೂರಿನವಳಿಗೆ ಸ್ಪ್ಯಾನಿಷ್ ಎಲ್ಲಿಂದ ಬಂತು ಎನ್ನುತ್ತೀರಾ? ಅದೂ ಹಠದಿಂದಲೇ ಬಂತು. ನಾನು ಬಾಯಿ ತೆರೆದರೆ ಎರಡನೆಯ ಕ್ಲಾಸಿನ ಮಕ್ಕಳು ಮುಸಿಮುಸಿ ನಗುತ್ತಾ ತಿದ್ದುತ್ತಾರೆ.

ಈ ಸಲ ನನ್ನ ಹಠಕ್ಕೆ ಸಿಕ್ಕವಳು ಮಾರಿಸೋಲ್ ಎಂಬ ಹುಡುಗಿಯ ತಾಯಿ. ಮನೆಯಲ್ಲಿ ದಿನಾ ಮಗುವಿನ ಜೊತೆ ಇಪ್ಪತ್ತು ನಿಮಿಷ ಓದಿ, ತಾಯಿಯೋ ತಂದೆಯೋ ಒಂದು ಹಾಳೆಗೆ ಸಹಿ ಹಾಕಬೇಕು. ಮಾರಿಸೋಲ್ ಹಾಳೆ ಎರಡು ತಿಂಗಳಿಂದ ಖಾಲಿ. ಈ ದೇಶಕ್ಕೆ ಹೊಸದಾಗಿ ಬಂದ ಆ ಏಳು ವರ್ಷದ ಹುಡುಗಿ, ಶುಕ್ರವಾರ ಹಾಳೆ ಕೇಳುವ ಹೊತ್ತಿಗೆ ಸರಿಯಾಗಿ ಬಾತ್‌ರೂಮಿಗೆ ಹೋಗಿಬಿಡುತ್ತಿದ್ದಳು. ನನಗೆ ಪಾಪ ಅನ್ನಿಸುತ್ತಿತ್ತು. ಇಂಥ ತಾಯಿಯೂ ಇರುತ್ತಾಳಾ ಎಂದು ಸಿಟ್ಟೂ ಬರುತ್ತಿತ್ತು.

ಶಾಲೆ ಬಿಡುವಾಗ ಕಾರುಗಳ ಸಾಲು. ಗೋದಾಮಿನ ಕೆಲಸಕ್ಕೆ ಓಡುವ ಅವಸರದಲ್ಲಿ ಮಾರಿಸೋಲ್ ತಾಯಿ ಕಿಟಕಿಯನ್ನೂ ಇಳಿಸುತ್ತಿರಲಿಲ್ಲ. ಹತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಹಾಳೆ ಪೆನ್ನು ಹಿಡಿದು ಮೂರು ದಿನ ನಿಂತೆ. ಆ ಅವತಾರಕ್ಕೆ ಯಾರು ತಾನೇ ಕಿಟಕಿ ಇಳಿಸುತ್ತಾರೆ! ನಾಲ್ಕನೆಯ ದಿನ ಇಳಿಸಿದಳು. ಸುಮ್ಮನೆ ಒಂದು ಸಹಿ ಹಾಕಿಬಿಡಮ್ಮ ಎಂದೆ.

ಅವಳು ಪೆನ್ನು ಮುಟ್ಟಲಿಲ್ಲ. ಸ್ಪ್ಯಾನಿಷಿನಲ್ಲಿ ಅವಳು ಹೇಳಿದ್ದು ಇಷ್ಟು: “ನನಗೆ ಓದಕ್ಕೆ ಬರಲ್ಲ ಟೀಚರ್. ಹೆಸರು ಬರೆಯಕ್ಕೆ ಮಾತ್ರ ಬರತ್ತೆ. ದಿನಾ ನಮ್ಮಜ್ಜಿ ಹೇಳ್ತಿದ್ದ ಕಥೆ ಹೇಳ್ತೀನಿ, ಅಷ್ಟೇ. ಮಗಳ ಎದುರಿಗೇ ಸುಳ್ಳು ಸಹಿ ಹೇಗೆ ಹಾಕ್ಲಿ?”

ನನಗೆ ನಾಚಿಕೆಯಾಯಿತು. ಹಿಂದಿನ ಕಾರು ಹಾರ್ನ್ ಹೊಡೆಯಿತು; ಹೊಡೆಯಲಿ. ಕಥೆ ಹೇಳಿದರೂ ನಡೆಯುತ್ತದೆ ಎಂದುಬಿಟ್ಟೆ. ಹಾಗೆ ನಿಯಮ ಇದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಕ್ಲಾಸ್ ಟೀಚರ್ ಬೆನ್ನು ಬಿದ್ದು ಒಪ್ಪಿಸಿದೆ. ಮುಂದಿನ ಶುಕ್ರವಾರ ಎಲ್ಲರಿಗಿಂತ ಮೊದಲು ಹಾಳೆ ತಂದವಳು ಮಾರಿಸೋಲ್. ಒತ್ತಿ ಒತ್ತಿ ಬರೆದ ಏಳು ಸಹಿ.

ಬೀಗುತ್ತಾ ಮನೆಗೆ ಬಂದೆ. ಫ್ರಿಜ್ ಮೇಲೆ ನನ್ನ ಮಗಳ ಶಾಲೆಯ ಅಂಥದೇ ಹಾಳೆ. ಹಿಂದಿನ ಭಾನುವಾರ ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಇಡೀ ತಿಂಗಳಿನದಕ್ಕೆ ಸಹಿ ಗೀಚಿ ಮುಗಿಸಿದ್ದೆ. ಬಾ ಪುಟ್ಟಿ, ಓದೋಣ ಎಂದೆ. ಅವಳು ಟ್ಯಾಬ್‌ನಿಂದ ತಲೆಯನ್ನೂ ಎತ್ತದೆ, “ಇಟ್ಸ್ ಓಕೆ ಅಮ್ಮಾ, ಟುಮಾರೋ ಈಸ್ ಆಲ್ಸೋ ಸೈನ್ಡ್” ಎಂದಳು.

ರಬ್ಬರ್ ಹಚ್ಚಿ ಉಜ್ಜಿದೆ. ಪೆನ್ನಿನ ಸಹಿ, ಹೋಗಲಿಲ್ಲ. ಇನ್ನು ಉಳಿದಿರುವುದು ಒಂದೇ ದಾರಿ, ದಿನಾ ಕಥೆ ಹೇಳಿ ಆ ಸಹಿಗಳನ್ನು ನಿಜ ಮಾಡುವುದು. ತಿಂಗಳು ಮುಗಿಯಲು ಹದಿನೇಳು ದಿನವಿದೆ. ನನಗೆ ಬರುವುದು ಮೂರೇ ಕಥೆ. ಸೋಮವಾರ ಮತ್ತೆ ಮಂಕಿ ಕ್ಯಾಪ್ ಹಾಕಿಕೊಂಡು ಆ ತಾಯಿಯ ಕಾರಿನ ಕಿಟಕಿ ತಟ್ಟಬೇಕು, ಅವರಜ್ಜಿಯ ಕಥೆ ಕೇಳಲು.