ಚಿಗವ್ವನ ಎರಡನೇ ನಿಯಮ

ನಮ್ಮ ಚಿಗವ್ವನಿಗೆ, ಅಂದರೆ ಚಿಕ್ಕಮ್ಮನಿಗೆ, ಇಬ್ಬರು ಸಿಕ್ಕರೆ ಸಾಕು, ಒಂದು ಸಂಘ ಕಟ್ಟಿಬಿಡುತ್ತಾಳೆ. ಒಬ್ಬರೇ ಸಿಕ್ಕರೋ, ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿ ಕಾರ್ಯದರ್ಶಿಯನ್ನು ಹುಡುಕಲು ಹೊರಡುತ್ತಾಳೆ! ಆಕೆಯ ಹೆಸರು ಹೇಳುವುದಿಲ್ಲ. ಹೇಳಿದೆನೆಂದರೆ ಮೊದಲು ಈ ಬರಹದ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ, ಆಮೇಲೆ ಸಾವಕಾಶವಾಗಿ ಬೈಯುತ್ತಾಳೆ. ಹರಪನಹಳ್ಳಿ ಕಡೆಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು ಎಂಬಷ್ಟು ತಿಳಿದಿರಲಿ.

ನಮ್ಮ ಹಳ್ಳಿಯಲ್ಲಿ ಏಳನೇ ತರಗತಿಯವರೆಗೆ ಮಾತ್ರ ಶಾಲೆ. ಹಾಗಾಗಿ ಎಂಟನೇ ತರಗತಿಗೆ ನನ್ನನ್ನು ಚಿಗವ್ವನ ಮನೆಗೆ ತಂದು ಬಿಟ್ಟರು. ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಬುತ್ತಿ ಕಟ್ಟಿಕೊಡುವ ಚಿಗವ್ವ ಶಾಲೆಯ ಗೇಟು ದಾಟಿದೊಡನೆ ಬೇರೆಯೇ ಹೆಂಗಸು! ಮೊದಲ ದಿನ ಹಾಜರಿ ಕರೆಯುವಾಗ ನಾನು ರೂಢಿಯಂತೆ "ಬಂದೀನಿ ಚಿಗವ್ವಾ" ಅಂದೆ. ಇಡೀ ತರಗತಿ ಗೊಳ್ಳೆಂದಿತು. ಆಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಇಲ್ಲಿ ನಾ ಯಾರಿಗೂ ಚಿಗವ್ವ ಅಲ್ಲ. ಯಾವೂರಮ್ಮ ನಿಂದು?" ಎಂದಳು. ಅರ್ಧ ಗಂಟೆ ಮುಂಚೆ ನನ್ನ ತಲೆಯ ಹೇನು ಹುಡುಕಿದ ಕೈ ಅದೇ ಅಲ್ಲವೇ? ಅಂದಿನಿಂದ ಗೇಟಿನ ಒಳಗೆ ಆಕೆ ನನಗೆ ಬರೀ ಮೇಡಂ.

ಬೇರೆ ಶಾಲೆಗಳಲ್ಲಿ ವಿಜ್ಞಾನ ಸಂಘ, ಸಾಹಿತ್ಯ ಸಂಘ ಇರುತ್ತವೆ. ನಮ್ಮಲ್ಲಿ ಅವುಗಳ ಜೊತೆಗೆ ಪೆನ್ನು ಕಳೆದುಕೊಂಡವರ ಸಂಘ, ಗಣಿತದ ಹೊತ್ತಿಗೆ ಹೊಟ್ಟೆ ನೋಯುವವರ ಸಂಘ ಇದ್ದವು. ಎಲ್ಲಕ್ಕಿಂತ ಹೆಸರು ಮಾಡಿದ್ದು ತಡವಾಗಿ ಬರುವವರ ಸಂಘ. ಹಳ್ಳಿ ಬಸ್ಸಿಗೆ ಬರುವ ಮಕ್ಕಳೆಲ್ಲ ಸದಸ್ಯರು, ಎಲ್ಲರಿಗಿಂತ ತಡವಾಗಿ ಬರುವವನೇ ಅಧ್ಯಕ್ಷ. ಮೊದಲ ಸಭೆ ಒಂಬತ್ತೂವರೆಗೆ ಎಂದು ನೋಟೀಸು ಬಿತ್ತು. ಅಧ್ಯಕ್ಷನಾದ ಹುಡುಗ ಆ ಗೌರವಕ್ಕೆ ಉಬ್ಬಿಹೋಗಿ, ಎಲ್ಲಿಂದಲೋ ಸೈಕಲ್ ಹೊಂದಿಸಿ, ಒಂಬತ್ತಕ್ಕೇ ಬಂದು ಕುಳಿತ. ಪಾಪ, ಅಧ್ಯಕ್ಷಗಿರಿ ಅಲ್ಲಿಗೇ ಹೋಯಿತು!

ಈ ಎಲ್ಲ ಸಂಘಗಳ ಸುದ್ದಿ ಬರುತ್ತಿದ್ದುದು ಗೋಡೆ ಪತ್ರಿಕೆಯಲ್ಲಿ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ, ಕಾಂಪೌಂಡಿಗೆ ಹೊಡೆದ ಒಂದು ದೊಡ್ಡ ಹಲಗೆ. ಪ್ರತಿ ಶನಿವಾರ ಅದರ ಮೇಲೆ ಮಕ್ಕಳು ಕೈಯಾರೆ ಬರೆದ ಹಾಳೆಗಳು, ಮೈದಾ ಅಂಟಿನಿಂದ ಅಂಟಿಸಿದವು. ಕೆಳಗೆ ಓದುಗರ ಪತ್ರಕ್ಕೆಂದು ಒಂದು ಬಿಸ್ಕತ್ತಿನ ಡಬ್ಬಿ. ಸಂಪಾದಕಿ ಯಾರೆಂದು ಬೇರೆ ಹೇಳಬೇಕೇ?

"ಈ ಕಾಲದಾಗ ಹಲಗಿ ಯಾಕ್ರಿ ಮೇಡಂ? ವಾಟ್ಸಾಪ್ ಗ್ರೂಪಿಗೆ ಹಾಕಿಬಿಡ್ರಿ" ಎಂದರು ಹೆಡ್‌ಮಾಸ್ಟರು ಒಮ್ಮೆ.

"ಫೋನ್ನಾಗ ಬೆರಳು ಜಾರತೈತ್ರಿ ಸರ್. ಗ್ವಾಡಿ ಮುಂದ ಕಾಲು ನಿಂದರ್ತಾವ" ಎಂದಳು ಚಿಗವ್ವ.

ಆ ಮಾತು ನಿಜವಾಯಿತು! ತಡವಾಗಿ ಬರುವವರ ಸಂಘ ಒಂದು ಶನಿವಾರ 'ನಮ್ಮ ಬಸ್ಸಿನ ಡ್ರೈವರಣ್ಣನಿಗೆ ವಿನಂತಿ' ಎಂದು ಬರೆಯಿತು. ಸುದ್ದಿ ತಿಳಿದ ಡ್ರೈವರಣ್ಣ ಬಸ್ಸು ನಿಲ್ಲಿಸಿ ಇಳಿದು ಬಂದು ಓದಿದ. ತನ್ನ ಹೆಸರು ದಪ್ಪ ಅಕ್ಷರದಲ್ಲಿರುವುದನ್ನು ಕಂಡು ಕರಗಿ, ಮರುವಾರದಿಂದ ಬಸ್ಸನ್ನು ಹೊತ್ತಿಗೆ ಸರಿಯಾಗಿ ತಂದ. ಆದರೆ ಪತ್ರಿಕೆಯ ರುಚಿ ಹತ್ತಿತಲ್ಲ! ಪ್ರತಿ ಶನಿವಾರ ನಮ್ಮ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಸಂಪಾದಕೀಯದಿಂದ ನಗೆಹನಿಯವರೆಗೆ ಓದಿಯೇ ಹೊರಡುತ್ತಿದ್ದ. ಮುಂದಿನ ಊರಿನ ಪ್ರಯಾಣಿಕರು ಕಾದು ಕಾದು ಸಾಕಾಗಿ, "ನಮ್ಮನ್ನೂ ನಿಮ್ಮ ಸಂಘಕ್ಕ ಸೇರಿಸ್ಕೊಳ್ರಿ" ಎಂದು ಹೇಳಿ ಕಳಿಸಿದರು.

ಮನೆಯ ಕಥೆ ಕೇಳುತ್ತೀರಾ? ಶುಕ್ರವಾರ ಸಂಜೆ ಹಂಚಿನ ಮೇಲೆ ರೊಟ್ಟಿ, ಕೈಯಲ್ಲಿ ಕೆಂಪು ಪೆನ್ನು. ತಿದ್ದಿದ ಹಾಳೆಗಳಿಗೆಲ್ಲ ಜೋಳದ ಹಿಟ್ಟು, ರೊಟ್ಟಿಯ ಅಂಚಿಗೆ ಒಮ್ಮೊಮ್ಮೆ ಶಾಯಿ. ಚಿಗಪ್ಪ ತಟ್ಟೆ ಮುಂದಿಟ್ಟುಕೊಂಡು ಕಾದು ಕೂತು, "ನನ್ನ ರೊಟ್ಟಿ ಈ ಸಂಚಿಕ್ಯಾಗ ಬರತೈತೋ, ಮುಂದಿನ ಸಂಚಿಕಿಗೋ?" ಎನ್ನುತ್ತಿದ್ದರು.

ಇನ್ನು ಆಡಿನ ಪ್ರಸಂಗ. ಶಾಲೆಯ ಪಕ್ಕದ ಮನೆಯ ಆಡು ಒಂದು ಶನಿವಾರ ನಾವೆಲ್ಲ ಪ್ರಾರ್ಥನೆಗೆ ನಿಂತಾಗ ಒಳಗೆ ಬಂತು. ಮುಂಗಾಲು ಎರಡೂ ಗೋಡೆಗೆ ಕೊಟ್ಟು, ಮೈದಾ ಅಂಟಿನ ರುಚಿ ನೋಡಿ, ಸಂಪಾದಕೀಯವನ್ನು ಪೂರ್ತಿ ತಿಂದು, ಸುಭಾಷಿತ ಮುಗಿಸಿ, ನಗೆಹನಿಗೆ ಬಾಯಿ ಹಾಕಿತ್ತು. ನಾವು ಪ್ರಾರ್ಥನೆ ಬಿಟ್ಟು ಓಡಿದೆವು. ಚಿಗವ್ವ ಸಿಟ್ಟಾದಾಳು ಎಂದುಕೊಂಡರೆ, ಸೊಂಟಕ್ಕೆ ಕೈಯಿಟ್ಟು ನಗುತ್ತಾ ನಿಂತಿದ್ದಳು! "ಬ್ಯಾರೆ ಪತ್ರಿಕಿ ಮಂದಿ ಓದಿ ಬಿಸಾಕ್ತಾರ. ನಮ್ಮದನ್ನ ಅರಗಿಸ್ಕೊಳ್ಳೋರೂ ಅದಾರ ನೋಡ್ರಿ!" ಮರುವಾರ ಹಲಗೆಗೆ ಜಾಲರಿಯ ಬಾಗಿಲು ಬಂತು, ಬೀಗವೂ ಬಂತು.

ಇಷ್ಟೆಲ್ಲ ನಗುವಿನ ನಡುವೆ ನನಗೊಂದು ಕೊರಗಿತ್ತು. ಆ ಹಲಗೆಯ ಮೇಲೆ ನನ್ನ ಹೆಸರು ಬರಬೇಕು! ಆದರೆ ಹಲಗೆಯ ನೆತ್ತಿಯಲ್ಲಿ ಎರಡು ನಿಯಮಗಳಿದ್ದವು. ಒಂದು, ಈ ಶಾಲೆಯ ಪ್ರತಿ ಮಗುವಿನ ಬರಹ ಹತ್ತನೇ ತರಗತಿ ಮುಗಿಯುವುದರೊಳಗೆ ಒಮ್ಮೆಯಾದರೂ ಬರಲೇಬೇಕು. ಎರಡು, ಸಂಪಾದಕರ ಮನೆಯವರ ಬರಹಕ್ಕೆ ಅವಕಾಶವಿಲ್ಲ. ನಾನು ಶಾಲೆಗೆ ಸೇರಿದ ದಿನ ಎರಡನೇ ನಿಯಮದ ಶಾಯಿ ಇನ್ನೂ ಒಣಗಿರಲಿಲ್ಲ!

ನಾನು ಬಿಡಲಿಲ್ಲ. ಗಾಳಿಪಟದ ಮೇಲೆ ಕವಿತೆ ಬರೆದೆ, ನಮ್ಮ ಹಳ್ಳಿಯ ಬಾವಿಯ ಮೇಲೆ ಪ್ರಬಂಧ ಬರೆದೆ, ಶೇಂಗಾ ಕೀಳುವುದರ ಮೇಲೆ ಕಥೆ ಕಟ್ಟಿದೆ. ಚಿಗವ್ವ ಎಲ್ಲವನ್ನೂ ತೆಗೆದುಕೊಂಡು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳೇ ಹೊರತು ಚೆನ್ನಾಗಿದೆ, ಇಲ್ಲ ಎಂದು ಒಂದು ಮಾತೂ ಇಲ್ಲ. ಒಂದು ದಿನ ಮನೆಯಲ್ಲಿ ಅತ್ತೇಬಿಟ್ಟೆ.

"ಎಲ್ಲಾರದೂ ಹಾಕ್ತಿ, ನಂದು ಯಾಕ ಹಾಕಂಗಿಲ್ಲ?"

"ಹಾಕಿದ್ರ ನಾಳಿ ಮಂದಿ ಏನಂತಾರ? ಮೇಡಂ ಮನಿ ಹುಡುಗಿ, ಅದಕ್ಕ ಬಂದೈತಿ ಅಂತಾರ. ನೀ ಎಷ್ಟು ಚಂದ ಬರೆದಿದ್ರೂ ಆ ಮಾತು ನಿನ್ನ ಹೆಸರಿಗೆ ಅಂಟಿಕೊಂತೈತಿ. ಬೇಕೇನು?"

ನಾನು ಮೂಗೊರೆಸಿಕೊಂಡು ಇನ್ನೊಂದು ಹಾಳೆ ತೆಗೆದು ಬರೆಯಲು ಕುಳಿತೆ.

ಹತ್ತನೇ ತರಗತಿಯ ಕೊನೆ ಬಂತು. ಪರೀಕ್ಷೆಯ ಓದಿಗೆ ರಜೆ ಬಿಡುವ ಮುಂಚಿನ ಕೊನೆಯ ಸಂಚಿಕೆ. ಗೋಡೆಗೆ ಹಾಕಿದ್ದ ಹೆಸರುಗಳ ಪಟ್ಟಿಯಲ್ಲಿ ಎಲ್ಲರ ಮುಂದೆಯೂ ಬರಹ ಬಂದ ಗುರುತು ಬಿದ್ದಿತ್ತು, ನನ್ನೊಬ್ಬಳ ಹೆಸರಿನ ಮುಂದೆ ಖಾಲಿ. ಮೊದಲನೇ ನಿಯಮ ಬಾ ಎನ್ನುತ್ತದೆ, ಎರಡನೆಯದು ಹೋಗು ಎನ್ನುತ್ತದೆ! ನಾನು ಆಸೆ ಬಿಟ್ಟೆ.

ಆ ಸೋಮವಾರ ಪ್ರಾರ್ಥನೆಯಾದ ಮೇಲೆ ಹೆಡ್‌ಮಾಸ್ಟರು ಒಂದು ಪತ್ರ ಬಿಚ್ಚಿ ಓದಿದರು. "ಈ ಒಂದು ಸಂಚಿಕೆಯ ಮಟ್ಟಿಗೆ ನಾನು ಗೋಡೆ ಪತ್ರಿಕೆಯ ಸಂಪಾದಕ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ನಾನು ಸಂಪಾದಕಿಯಲ್ಲದ ಸಂಚಿಕೆಯಲ್ಲಿ ನನ್ನ ಮನೆಯವರು ಸಂಪಾದಕರ ಮನೆಯವರಲ್ಲ. ಹೊಸ ಸಂಪಾದಕಿ ಒಂಬತ್ತನೇ ತರಗತಿಯ ಗಂಗಮ್ಮ."

ಓದಿ ಮುಗಿಸಿದ ಹೆಡ್‌ಮಾಸ್ಟರಿಗೇ ಅರ್ಥವಾಗಿರಲಿಲ್ಲ. ನನಗೆ ಆಗಿತ್ತು! ಜ್ವರ ಬಂದರೂ ಶನಿವಾರದ ಸಂಚಿಕೆ ತಪ್ಪಿಸದವಳು, ಕೊನೆಯ ಸಂಚಿಕೆಯನ್ನೇ ಬಿಟ್ಟುಕೊಟ್ಟಿದ್ದಳು.

ಗಂಗಮ್ಮನೋ, ಪೆನ್ನು ಕಳೆದುಕೊಂಡವರ ಸಂಘದ ಅಧ್ಯಕ್ಷೆ! ನನ್ನ ಬರಹವನ್ನು ನನ್ನದೇ ಪೆನ್ನು ಇಸಿದುಕೊಂಡು ತಿದ್ದಿದಳು. "ಅಕ್ಕಾ, ಸುರುವಿನ ಭಾಗ ಬಾಳ ಉದ್ದ ಆಗೇತಿ, ಕಡೀಬೇಕು" ಎಂದು ಮೂರು ಸಲ ಬರೆಸಿದಳು. ಚಿಗವ್ವನೇ ವಾಸಿ ಎನಿಸಿಬಿಟ್ಟಿತು. ಅಂತೂ ಶನಿವಾರ ಆಡಿನ ಕಥೆ ಹಲಗೆಗೆ ಬಂತು, ಕೆಳಗೆ ನನ್ನ ಹೆಸರು! ಮಕ್ಕಳು ಮುಗಿಬಿದ್ದು ಓದಿದರು. ಡ್ರೈವರಣ್ಣ ಹಾರ್ನ್ ಮೇಲೆ ಹಾರ್ನ್ ಹೊಡೆದು ಶಭಾಸ್ ಹೇಳಿ ಹೋದ. ಚಿಗವ್ವ ಮಾತ್ರ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು, ಸರದಿ ಬಂದಾಗ ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದಿ, ತುಟಿ ಬಿಚ್ಚದೆ ನಡೆದುಬಿಟ್ಟಳು. ಮನೆಯಲ್ಲೂ ಮಾತಿಲ್ಲ.

ಮಂಗಳವಾರ ಬೆಳಗ್ಗೆ ಗೇಟಿನ ಬಳಿ ಗಂಗಮ್ಮ, "ಅಕ್ಕಾ, ಡಬ್ಬ್ಯಾಗ ಪತ್ರ ಬಂದೈತಿ, ಹಲಗಿಗೆ ಹಚ್ಚೀನಿ ನೋಡು" ಎಂದು ಕೂಗಿದಳು. ಓಡಿದೆ. ಹಾಳೆಯ ಮೂಲೆಯಲ್ಲಿ ಜೋಳದ ಹಿಟ್ಟು.

"ಸಂಪಾದಕರಿಗೆ ನಮಸ್ಕಾರ. ಆಡಿನ ಕಥೆ ಓದಿ ನಕ್ಕೆ. ಎರಡು ಕಡೆ ಅಲ್ಪವಿರಾಮ ಬೇಕಿತ್ತು. ಮೂರು ವರ್ಷ ಈ ಹುಡುಗಿ ಕೊಟ್ಟ ಒಂದೊಂದು ಹಾಳೆಯನ್ನೂ ಎರಡೆರಡು ಸಲ ಓದಿದ್ದೇನೆ. ಹಾಕಲಾಗದೆ ನನಗೂ ಸಂಕಟವಾಗಿದೆ. ಬರೆಯುವುದನ್ನು ಬಿಡಬಾರದೆಂದು ಆಕೆಗೆ ಹೇಳಿ. ಇಂತಿ, ಆಕೆಯ ಚಿಗವ್ವ."

ಗೇಟಿನ ಒಳಗೆ, ಇಡೀ ಶಾಲೆ ಓದುವ ಗೋಡೆಯ ಮೇಲೆ! ನಾನು ಸ್ಟಾಫ್ ರೂಮಿಗೆ ಓಡಿ ಬಾಗಿಲಲ್ಲಿ ನಿಂತೆ. ಮೇಡಂ ಎನ್ನಲು ಹೋದರೆ ಬಾಯಿಗೆ ಬಂದದ್ದು "ಚಿಗವ್ವಾ" ಎಂದೇ.

ಆಕೆ ತಲೆಯೆತ್ತಲಿಲ್ಲ. "ಯಾವೂರಮ್ಮ ನಿಂದು?" ಎಂದು ಕೇಳಿದಳು. ಕೇಳುವಾಗ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.